ಎರಡನೇ ಏಟು

ಆ ಹುಡುಗಿ ನನ್ನ ತರಗತಿಗೆ ಬಂದದ್ದು ಕೊರೊನಾ ಕಾಲ ಮುಗಿದು ಮಕ್ಕಳೆಲ್ಲ ಮತ್ತೆ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರಲು ಶುರುಮಾಡಿದ ವರ್ಷ. ಚಾಮರಾಜಪೇಟೆಯ ಒಂದು ಹಳೆಯ ಹೈಸ್ಕೂಲಿನಲ್ಲಿ ನಾನು ಆಗಲೇ ಹದಿನೇಳು ವರ್ಷ ಕನ್ನಡ ಪಾಠ ಹೇಳಿ ಮುಗಿಸಿದ್ದೆ. ಆ ವರ್ಷ ಎಂಟನೇ ತರಗತಿಗೆ ಕ್ಲಾಸ್ ಟೀಚರ್ ಕೂಡ ನಾನೇ. ಮೊದಲ ದಿನ ಅಪ್ಪನ ಜೊತೆ ಬಂದವಳು ಬಾಗಿಲಲ್ಲಿ ಶೂ ಬಿಚ್ಚಬೇಕೇನೋ ಎಂದು ಬಗ್ಗಿದ್ದಳು. ಸಣ್ಣ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೇಳಿದ್ದಕ್ಕಷ್ಟೇ ಉತ್ತರ.

ಅವಳ ಅಪ್ಪನಿಗೆ ತರಗುಪೇಟೆಯ ಒಣಮೆಣಸಿನಕಾಯಿ ಮಂಡಿಯಲ್ಲಿ ಮೂಟೆ ತೂಗಿಸುವ ಕೆಲಸ. ಮಾಗಡಿ ಕಡೆಯ ಹಳ್ಳಿಯಿಂದ ಬಂದವರು. ಮನೆ ಅದೇ ಗೋದಾಮಿನ ಮೇಲಿನ ಎರಡು ಕೋಣೆ. ಒಗೆದ ಬಟ್ಟೆ ಒಣಗುವುದೂ ಗೋದಾಮಿನ ಕಿಟಕಿಯ ಮೇಲೆಯೇ. ಹಾಗಾಗಿ ಅವಳ ಯೂನಿಫಾರಂ, ರಿಬ್ಬನ್, ನೋಟ್‌ಪುಸ್ತಕದ ಹಾಳೆ ಎಲ್ಲಕ್ಕೂ ಮೆಣಸಿನಕಾಯಿಯ ಘಾಟು ಹತ್ತಿಕೊಂಡಿತ್ತು. ಅವಳ ಪುಸ್ತಕ ತಿದ್ದುವಾಗ ನನಗೂ ಮೂಗು ತುರಿಸುತ್ತಿತ್ತು. ಆದರೆ ಅದು ಕೆಟ್ಟ ವಾಸನೆ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ.

ಎರಡನೇ ವಾರದಲ್ಲಿ ತರಗತಿಯಲ್ಲಿ ಸೀನು ಶುರುವಾಯಿತು. ಹಿಂದಿನ ಬೆಂಚಿನಲ್ಲೊಂದು, ಕಿಟಕಿ ಪಕ್ಕದಲ್ಲೊಂದು, ಆಮೇಲೆ ಒಟ್ಟಿಗೆ ನಾಲ್ಕೈದು. ಆಗಿನ್ನೂ ಯಾರಾದರೂ ಸೀನಿದರೆ ಎದೆ ಧಸಕ್ಕೆನ್ನುವ ಕಾಲ. ನಾನು ಕಿಟಕಿಗಳನ್ನೆಲ್ಲ ತೆರೆಸಿದೆ. ಇಬ್ಬರನ್ನು ಮನೆಗೆ ಕಳಿಸಿ, ಡೈರಿಯಲ್ಲಿ ‘ದಯವಿಟ್ಟು ವೈದ್ಯರಿಗೆ ತೋರಿಸಿ’ ಎಂದು ಬರೆದೆ. ಅವರು ಮಾರನೆಯ ದಿನ ನಗುನಗುತ್ತ ವಾಪಸು ಬಂದರು. ಆ ಹುಡುಗಿ ಪದ್ಯ ಓದಲು ಎದ್ದಾಗ ಮಾತ್ರ ಸೀನು ಬರುತ್ತದೆ, ಕೂತ ಕೂಡಲೇ ನಿಲ್ಲುತ್ತದೆ ಎಂಬುದು ನನಗೆ ಹೊಳೆಯಲು ಇನ್ನೊಂದು ವಾರ ಬೇಕಾಯಿತು. ಹೊಳೆದ ಮೇಲೂ ನಾನು ಹೆಚ್ಚೇನೂ ಮಾಡಲಿಲ್ಲ. “ಸಾಕು, ನಿಲ್ಲಿಸಿ” ಎಂದು ಮೇಜು ಕುಟ್ಟಿದೆ, ಅಷ್ಟೆ.

ಒಂದು ದಿನ ಅವಳು ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು.

“ಮಿಸ್, ಅವ್ರೆಲ್ಲ ನನ್ನ ನೋಡಿ ಬೇಕ್‌ಬೇಕಂತ ಸೀನ್ತಾರೆ.”

ನನಗೆ ನಗು ಬಂದಿತು ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹೊಡೆದರು, ಬೈದರು, ಕದ್ದರು ಎಂಬ ದೂರುಗಳನ್ನು ಕೇಳಿದ್ದೆ. ಸೀನಿದರು ಎಂಬ ದೂರನ್ನು ಕೇಳಿರಲಿಲ್ಲ. “ತಲೆ ಕೆಡಿಸ್ಕೋಬೇಡ ಕಣೆ. ನೀನು ಸುಮ್ನಿದ್ರೆ ಅವ್ರೇ ಸುಮ್ನಾಗ್ತಾರೆ” ಎಂದೆ. ಅವಳು ತಲೆಯಾಡಿಸಿ ಹೋದಳು.

ಅವಳು ಸುಮ್ಮನಿದ್ದಳು. ಅವರು ಸುಮ್ಮನಾಗಲಿಲ್ಲ. ಅವಳಿಗೆ ‘ಘಾಟು’ ಎಂದು ಹೆಸರಿಟ್ಟರು. ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಮೂಗು ಹಿಡಿದುಕೊಂಡು “ಪ್ರೆಸೆಂಟ್ ಮಿಸ್” ಎಂದು ಇನ್ಯಾರೋ ಕೂಗುತ್ತಿದ್ದರು. ಇದಕ್ಕೆಲ್ಲ ಮುಂದಾಳು ಒಬ್ಬ ಹುಡುಗ. ಬಸವನಗುಡಿಯಲ್ಲಿ ತಲೆಮಾರುಗಳಿಂದ ಇರುವ ಮನೆಯವನು. ಚೆನ್ನಾಗಿ ಓದುವವನು, ಭಾಷಣ ಸ್ಪರ್ಧೆಯಲ್ಲಿ ಶಾಲೆಗೆ ಎರಡು ಸಲ ಬಹುಮಾನ ತಂದವನು. ನಾನು ಕೇಳುವ ಮೊದಲೇ ನೋಟ್‌ಪುಸ್ತಕಗಳ ಕಟ್ಟನ್ನು ಎತ್ತಿಕೊಂಡು ಸ್ಟಾಫ್‌ರೂಮಿಗೆ ತಂದಿಡುತ್ತಿದ್ದ. ನನಗೆ ಅವನನ್ನು ಕಂಡರೆ ಇಷ್ಟವಿತ್ತು. ಅದನ್ನೂ ಹೇಳಬೇಕು.

ಎರಡನೇ ಸಲ ಅವಳು ಬಂದು ಆ ಹೆಸರಿನ ವಿಷಯ ಹೇಳಿದಾಗ ನಾನು ಇಡೀ ತರಗತಿಗೆ ಒಂದು ಭಾಷಣ ಮಾಡಿದೆ. “ಯಾರಾದ್ರೂ ನಿಮಗೆ ತೊಂದರೆ ಕೊಟ್ರೆ ತಿರುಗಿ ಕೈ ಎತ್ತಬೇಡಿ. ನನ್ನ ಹತ್ರ ಬನ್ನಿ. ನಾನಿದ್ದೀನಿ” ಎಂದೆ. ಒಳ್ಳೆಯ ಮಾತು ಹೇಳಿದ ತೃಪ್ತಿಯಲ್ಲಿ ಮನೆಗೆ ಹೋದೆ. ಯಾರ ಹೆಸರನ್ನೂ ಎತ್ತಿರಲಿಲ್ಲ, ಆ ಹುಡುಗನನ್ನು ಕರೆದು ಕೇಳಿರಲಿಲ್ಲ. ಯಾರು ದೂರು ಕೊಟ್ಟಿದ್ದು ಎಂಬುದು ಮಾತ್ರ ತರಗತಿಯಲ್ಲಿ ಎಲ್ಲರಿಗೂ ಗೊತ್ತಾಗಿಹೋಯಿತು.

ಮೂರನೇ ಸಲ ಅವಳು ನನ್ನನ್ನು ಹಿಡಿದದ್ದು ಮೆಟ್ಟಿಲ ಮೇಲೆ. ಕೈಯಲ್ಲಿ ಊಟದ ಡಬ್ಬಿ ಇತ್ತು. ಮುಚ್ಚಳ ತೆಗೆದು ತೋರಿಸಿದಳು. ಚಿತ್ರಾನ್ನದ ಮೇಲೆ ಸೀಮೆಸುಣ್ಣದ ಪುಡಿ ಸುರಿದಿದ್ದರು. ನಾನು ಮೀಟಿಂಗಿಗೆ ಓಡುತ್ತಿದ್ದೆ. “ಅಯ್ಯೋ... ನಾಳೆ ಮಾತಾಡ್ತೀನಿ, ಆಯ್ತಾ? ಇವತ್ತು ಕ್ಯಾಂಟೀನಲ್ಲಿ ಏನಾದ್ರೂ ತಿನ್ನು” ಎಂದೆ. ಮಾರನೆಯ ದಿನ ಕಿರುಪರೀಕ್ಷೆ ಇತ್ತು. ನನಗೆ ಮರೆತೇಹೋಯಿತು. ಅವಳು ನೆನಪಿಸಲೂ ಇಲ್ಲ.

ಅದಾಗಿ ಹತ್ತು ದಿನಕ್ಕೆ, ಒಂದು ಗುರುವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದು ನಡೆಯಿತು. ಅವತ್ತು ಎರಡನೇ ಮಹಡಿಯ ಕಾರಿಡಾರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸರದಿ ನನ್ನದು. ಅಂಕಗಳ ಪಟ್ಟಿ ಮುಗಿಸಿಬಿಡೋಣ ಎಂದು ಕೆಳಗೆ ಸ್ಟಾಫ್‌ರೂಮಿನಲ್ಲೇ ಹತ್ತು ನಿಮಿಷ ಹೆಚ್ಚು ಕೂತೆ. ಮೇಲಿನಿಂದ ಮಕ್ಕಳ ಕಿರುಚಾಟ ಕೇಳಿಸಿತು. ಬಿಡುವಿನ ಗಲಾಟೆಗೂ ಹೆದರಿದ ಮಕ್ಕಳ ಕಿರುಚಾಟಕ್ಕೂ ವ್ಯತ್ಯಾಸ ನಮಗೆ ಗೊತ್ತಾಗುತ್ತದೆ. ಓಡಿದೆ.

ಆ ಹುಡುಗ ತರಗತಿಯ ನೆಲದ ಮೇಲೆ ಕೂತಿದ್ದ. ಬಾಯಿಗೆ ಅಡ್ಡ ಹಿಡಿದ ಬೆರಳ ಸಂದಿಯಿಂದ ರಕ್ತ ಸೋರುತ್ತಿತ್ತು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಒಂದು ಜಡೆ ಬಿಚ್ಚಿಹೋಗಿತ್ತು. ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ಓಡಿ ಬಂದವಳಂತೆ ಬಾಯಿ ತೆರೆದುಕೊಂಡು ಉಸಿರು ಎಳೆಯುತ್ತಿದ್ದಳು. ನಾನು ಮೊದಲು ಕೇಳಿದ್ದು ಅವಳನ್ನೇ.

“ಏನೇ ಮಾಡಿದೆ ನೀನು?”

ಅವಳು ಬಾಟಲಿಯನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟಳು.

ಹುಡುಗನ ಮುಂದಿನ ಒಂದು ಹಲ್ಲು ಮುರಿದಿತ್ತು. ಬಲಗೈಯ ಕಿರುಬೆರಳು ಬಾತುಕೊಂಡಿತ್ತು. ಅಲ್ಲಿ ಮೂಳೆ ಬಿರುಕು ಬಿಟ್ಟಿದೆ ಎಂದು ಸಂಜೆ ತಿಳಿಯಿತು. ಪಿ.ಟಿ. ಮೇಷ್ಟ್ರು ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನಾನು ಅವಳನ್ನು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಕರೆದೊಯ್ದೆ.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು, ಯಾವ ರಗಳೆಯೂ ಇಲ್ಲದೆ ಮುಗಿದರೆ ಸಾಕು ಎನ್ನುವ ಆಸೆ. ಅವರು ಅವಳಿಗೆ ನೀರು ಕೊಟ್ಟು, “ಏನಾಯ್ತು, ಹೆದರದೆ ಹೇಳು” ಎಂದರು.

“ಊಟ ಮುಗಿಸಿ ಡಬ್ಬಿ ಮುಚ್ತಿದ್ದೆ ಮಿಸ್. ಅವ್ನು ಹಿಂದಿನಿಂದ ಬಂದು ತಲೆಗೆ ಕವರ್ ಹಾಕ್ದ. ಬೇಕರಿ ಕವರ್. ಇನ್ನಿಬ್ರು ನನ್ನ ಕೈ ಹಿಂದಕ್ಕೆ ಹಿಡ್ಕೊಂಡ್ರು. ‘ಈಗ ಯಾರೂ ಸೀನ್ಬೇಕಾಗಿಲ್ಲ’ ಅಂತ ನಗ್ತಿದ್ರು. ಕುತ್ತಿಗೆ ಹತ್ರ ಗಟ್ಟಿಯಾಗಿ ಹಿಡ್ಕೊಂಡಿದ್ದ. ನಂಗೆ ಉಸ್ರು ಬರ್ಲಿಲ್ಲ.”

“ಕೂಗ್ಬೇಕಿತ್ತಲ್ಲಮ್ಮ?”

“ಕವರ್ ಬಾಯೊಳಗೆ ಬಂದಿತ್ತು ಮಿಸ್. ಕಚ್ಚಿ ಹರ್ದೆ. ತಲೇನ ಜೋರಾಗಿ ಹಿಂದಕ್ಕೆ ಎಸ್ದೆ. ಅವ್ನ ಬಾಯಿಗೆ ಬಡೀತು. ಎಲ್ಲಾರೂ ಕೈ ಬಿಟ್ರು.”

“ಮತ್ತೆ ಬಾಟ್ಲಿ?”

ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ ಹೇಳಿದ ಮಾತನ್ನು ನಾನು ಇವತ್ತಿಗೂ ಅವಳ ದನಿಯಲ್ಲೇ ಕೇಳಬಲ್ಲೆ.

“ಎರಡು ಸಲ ಹೊಡ್ದೆ ಮಿಸ್. ಮೊದಲ್ನೇದು ಬಿಡಿಸ್ಕೊಳ್ಳೋಕೆ. ಎರಡನೇದು ಬಿಡಿಸ್ಕೊಂಡ್ಮೇಲೆ. ಅವ್ನು ಕೆಳಗೆ ಬಿದ್ದಿದ್ದ. ಬಾಯಿ ಹಿಡ್ಕೊಂಡಿದ್ದ. ಆವಾಗ ಬಾಟ್ಲಿ ತಗೊಂಡು ಹೊಡ್ದೆ. ಅದು ಕೋಪಕ್ಕೆ.”

ನಮ್ಮಲ್ಲಿ ಯಾರೂ ನೋಡಿರಲಿಲ್ಲವಲ್ಲ ಎಂದುಕೊಂಡು ಅವಳು ಆ ಎರಡನೇ ಏಟನ್ನು ಮೊದಲನೆಯದರ ಜೊತೆ ಸೇರಿಸಿಬಿಡಬಹುದಿತ್ತು. ಗಾಬರಿಯಲ್ಲಿ ಏನಾಯಿತೋ ಗೊತ್ತಿಲ್ಲ ಎನ್ನಬಹುದಿತ್ತು. ದೊಡ್ಡವರಾದರೆ ಹಾಗೇ ಮಾಡುತ್ತಿದ್ದರು.

ನಾನು ಮತ್ತೆ ತರಗತಿಗೆ ಹೋದೆ. ಆಯಾ ಅಷ್ಟರಲ್ಲಿ ರಕ್ತ ಒರೆಸಿ ಗುಡಿಸಿದ್ದರು. ಕವರು ಕಸದ ಬುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆಯ ಕೆಳಗೆ ಸಿಕ್ಕಿತು. ಬಿಳಿಯ, ಗಟ್ಟಿ ಪ್ಲಾಸ್ಟಿಕ್ಕಿನ ಕವರು. ನಡುವೆ ಹಲ್ಲಿನಿಂದ ಹರಿದ ತೂತು. ಅದನ್ನು ಮಡಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಕೈ ಹಿಡಿದುಕೊಂಡಿದ್ದ ಹುಡುಗರಲ್ಲಿ ಒಬ್ಬ, ನಾನು ಕೇಳುವ ಮೊದಲೇ, “ತಮಾಷೆಗೆ ಮಿಸ್, ನಿಜವಾಗ್ಲೂ ತಮಾಷೆಗೆ” ಎಂದು ಅಳಲು ಶುರುಮಾಡಿದ.

ಸಂಜೆ ಗಾಂಧಿ ಬಜಾರಿನ ಹತ್ತಿರದ ನಮ್ಮ ಮನೆಗೆ ಬಂದಾಗ ನನ್ನ ಅಮ್ಮ ಹುರುಳಿಕಾಯಿ ಸೋಸುತ್ತ ಕೂತಿದ್ದರು. ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗ ಪಕ್ಕದಲ್ಲಿ ಓದುತ್ತಿದ್ದ. ಅವನದು ಬೇರೆ ಶಾಲೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿಸಿ ಮಗನನ್ನು ಕೇಳಿದೆ.

“ನೀನು ಆ ಕ್ಲಾಸಲ್ಲಿದ್ದಿದ್ರೆ ಏನ್ ಮಾಡ್ತಿದ್ದೆ?”

ಅವನು ಪುಸ್ತಕದಿಂದ ತಲೆಯೆತ್ತಿ ಯೋಚಿಸಿದ. “ನಿಜ ಹೇಳ್ಲಾ ಅಮ್ಮ? ಎಲ್ಲಾರೂ ಸೀನ್ತಿದ್ರೆ ನಾನೂ ಸೀನ್ತಿದ್ದೆ ಅನ್ಸತ್ತೆ.”

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನಿಜ ಹೇಳು ಎಂದು ಮಕ್ಕಳಿಗೆ ನಾವೇ ಅಲ್ಲವೇ ಕಲಿಸುವುದು.

“ಮೊದಲ್ನೇ ಏಟು ಸರಿ. ಪ್ರಾಣ ಉಳಿಸ್ಕೊಳ್ಳೋಕೆ ಹೊಡ್ದಿದ್ದು. ಆದ್ರೆ ಬಿದ್ದೋನಿಗೆ ಹೊಡ್ದಿದ್ದು ತಪ್ಪಲ್ವಾ?” ಎಂದು ನಾನು ಅಮ್ಮನ ಕಡೆ ತಿರುಗಿದೆ. ನನಗೆ ಯಾರಾದರೂ ಹೌದು ಎನ್ನಬೇಕಿತ್ತು.

ಅಮ್ಮ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. “ಆ ಮಗು ನಿನ್ನ ಹತ್ರ ಎಷ್ಟು ಸಲ ಬಂದಿತ್ತು ಅಂದೆ?”

“ಮೂರು ಸಲ.”

“ಹಾಗಾದ್ರೆ ಆ ಎರಡನೇದು ನಿನಗೆ ಬೀಳ್ಬೇಕಿತ್ತು ಕಣೆ. ಪಾಪ, ಆ ಹುಡುಗನಿಗೆ ಬಿತ್ತು.”

ಮಾರನೆಯ ದಿನ ಬೆಳಗ್ಗೆ ಎರಡೂ ಕಡೆಯವರನ್ನು ಶಾಲೆಗೆ ಕರೆಸಿದರು. ಹುಡುಗನ ತಾಯಿ ಅವನನ್ನು ಕರೆದುಕೊಂಡೇ ಬಂದಿದ್ದರು. ಅವನ ತುಟಿ ಊದಿತ್ತು, ಕೈಗೆ ಪಟ್ಟಿ. ತಾಯಿ ರಾತ್ರಿಯೆಲ್ಲ ಅತ್ತಿದ್ದರು ಎಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಇದು ಸ್ಕೂಲಾ, ಗರಡಿ ಮನೇನಾ ಮೇಡಂ? ಬಲಗೈ ಬೆರಳು. ಇನ್ನು ಒಂದು ತಿಂಗಳು ಬರೆಯೋ ಹಾಗಿಲ್ಲ. ಆ ಹುಡುಗೀಗೆ ಟಿ.ಸಿ. ಕೊಟ್ಟು ಕಳಿಸಿ. ಇಲ್ಲಾಂದ್ರೆ ನಾವು ಪೊಲೀಸ್ ಹತ್ರ ಹೋಗ್ತೀವಿ.”

ಹುಡುಗಿಯ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೆಲಸದಿಂದ ನೇರವಾಗಿ ಬಂದಿದ್ದಿರಬೇಕು, ಅಂಗಿಯ ತೋಳಿನ ಮೇಲೆ ಕೆಂಪು ಧೂಳಿತ್ತು. ಅವರು ಎಲ್ಲರ ಮಾತು ಮುಗಿಯುವ ತನಕ ಕಾದರು. ಆಮೇಲೆ ನನ್ನ ಕಡೆಗೇ ತಿರುಗಿದರು.

“ನಾನು ಓದ್ದೋನಲ್ಲ ಮೇಡಂ. ಇವ್ಳು ಮನೇಲಿ ಅತ್ಕೊಂಡು ಹೇಳ್ದಾಗ ನಾನೇ ಅಂದಿದ್ದು, ‘ಕೈ ಎತ್ಬೇಡ ಕಣವ್ವ, ಮೇಡಂ ಅವ್ರೆ, ನೋಡ್ಕೋತಾರೆ’ ಅಂತ. ನಿಮ್ಗೂ ಮಕ್ಳಿರ್ಬೌದು. ನಿಮ್ ಮಗೀಗೆ ಹಿಂಗೇ ಯಾರಾದ್ರೂ ಕಾಟ ಕೊಟ್ಟಿದ್ರೆ ನೀವೇನಂತ ಹೇಳ್ಕೊಡ್ತಿದ್ರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಉತ್ತರ ಬೇಕಾಗಿತ್ತು. ನನ್ನ ಹತ್ತಿರ ಉತ್ತರ ಸಿದ್ಧವಿತ್ತು ಕೂಡ. ಮಗ ಮೂರನೇ ತರಗತಿಯಲ್ಲಿದ್ದಾಗ ಒಬ್ಬ ಹುಡುಗ ದಿನವೂ ಅವನ ಬೆನ್ನಿಗೆ ಗುದ್ದುತ್ತಿದ್ದ. ಅವತ್ತು ನಾನು ಮಗನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, ಮುಷ್ಟಿ ಹೇಗೆ ಹಿಡಿಯಬೇಕೆಂದು ತೋರಿಸಿ, “ಒಂದು ಸಲ ಸರಿಯಾಗಿ ಬಾರಿಸು, ಆಮೇಲೆ ನಾನು ನೋಡ್ಕೋತೀನಿ” ಎಂದಿದ್ದೆ. ನನ್ನ ಮಗನಿಗೆ ಒಂದು ಪಾಠ, ಬೇರೆಯವರ ಮಕ್ಕಳಿಗೆ ಇನ್ನೊಂದು. ಆರು ವರ್ಷದಿಂದ ಎರಡನ್ನೂ ಹೇಳುತ್ತ ಬಂದಿದ್ದೆ, ಎರಡೂ ಒಂದೇ ಬಾಯಿಂದ ಬರುತ್ತಿವೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

“ತಿರುಗಿ ಹೊಡಿ ಅಂತ ಹೇಳಿದ್ದೆ” ಎಂದೆ.

ಮುಖ್ಯೋಪಾಧ್ಯಾಯಿನಿ ನನ್ನತ್ತ ಕಣ್ಣು ಬಿಟ್ಟು ನೋಡಿದರು. ಶುರುವಾದದ್ದನ್ನು ಮುಗಿಸಿಬಿಡೋಣ ಎಂದು ನಾನು ಉಳಿದದ್ದನ್ನೂ ಹೇಳಿದೆ. ಸೀನಿನ ವಿಷಯ, ಡಬ್ಬಿಯ ವಿಷಯ, ಅವಳು ಮೂರು ಸಲ ಬಂದದ್ದು, ನಾನು ಕಾರಿಡಾರಿನಲ್ಲಿ ಇರಬೇಕಾದ ಹೊತ್ತಿನಲ್ಲಿ ಇಲ್ಲದೆ ಹೋದದ್ದು. ಆಮೇಲೆ ಆ ಕವರನ್ನು ಮೇಜಿನ ಮೇಲಿಟ್ಟೆ.

ಹುಡುಗನ ತಾಯಿ ಅದನ್ನು ಎತ್ತಿಕೊಂಡರು. ತೂತಿನೊಳಗೆ ಬೆರಳಿಟ್ಟು ನೋಡಿದರು. ಮಗನ ಕಡೆ ತಿರುಗಿದಾಗ ಅವರ ದನಿ ಬೇರೆಯಾಗಿತ್ತು.

“ನೀನಾ ಹಾಕಿದ್ದು?”

ಅವನು ತಲೆ ತಗ್ಗಿಸಿದ. “ತಮಾಷೆಗೆ ಅಮ್ಮ.”

“ಉಸಿರು ನಿಂತೋಗಿದ್ರೆ?”

ಅವನ ಊದಿದ ತುಟಿ ನಡುಗತೊಡಗಿತು. ಹದಿಮೂರು ವರ್ಷದ ಹುಡುಗ. ಸಭೆಯಲ್ಲಿ ನಿಂತು ಅರ್ಧ ಗಂಟೆ ಮಾತಾಡಬಲ್ಲವನು, ಅಮ್ಮನ ಸೆರಗಿಗೆ ಮುಖ ಒತ್ತಿಕೊಂಡು ಅತ್ತ. ನನಗೆ ಅವನ ಮೇಲೂ ಕರುಣೆ ಬಂತು. ಮೊದಲ ಸೀನಿಗೇ ನಾನು ಅವನನ್ನು ಕರೆದು ಕೂರಿಸಿಕೊಂಡಿದ್ದರೆ ಅವನ ಹಲ್ಲೂ ಉಳಿಯುತ್ತಿತ್ತು. ಅವನನ್ನು ಕೂಡ ನಾನು ಕಾಪಾಡಲಿಲ್ಲ.

ಕೊನೆಗೆ ಯಾರಿಗೂ ಟಿ.ಸಿ. ಕೊಡಲಿಲ್ಲ. ಮೂವರು ಹುಡುಗರನ್ನು ಒಂದು ವಾರ ಶಾಲೆಯಿಂದ ಹೊರಗಿಟ್ಟರು. ಅವಳಿಗೂ ಎರಡು ದಿನ. ಎಲ್ಲರೂ ಪರಸ್ಪರ ಕ್ಷಮೆ ಕೇಳಬೇಕು ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ಹುಡುಗ ತೊದಲುತ್ತ ಸಾರಿ ಎಂದ. ಅವಳ ಸರದಿ ಬಂದಾಗ ಅಪ್ಪನ ಮುಖ ನೋಡಿದಳು, ಆಮೇಲೆ ಅವನನ್ನು.

“ಎರಡನೇ ಏಟಿಗೆ ಸಾರಿ” ಎಂದಳು.

“ಒಂದಕ್ಕೇ ಯಾಕಮ್ಮ? ಪೂರ್ತಿ ಹೇಳು” ಎಂದರು ಮುಖ್ಯೋಪಾಧ್ಯಾಯಿನಿ.

“ಮೊದಲ್ನೇದಕ್ಕೆ ಹೇಳಲ್ಲ ಮಿಸ್.”

ಒತ್ತಾಯ ಮಾಡಬೇಡಿ ಎಂದು ತಡೆದದ್ದು ಹುಡುಗನ ತಾಯಿಯೇ.

ಆಡಳಿತ ಮಂಡಳಿಗೆ ನಾನು ವರದಿ ಬರೆಯಬೇಕಿತ್ತು. ‘ಮಕ್ಕಳ ನಡುವೆ ಜಗಳ, ಇಬ್ಬರಿಗೂ ಎಚ್ಚರಿಕೆ ನೀಡಲಾಗಿದೆ’ ಎಂದು ಎರಡು ಸಾಲು ಸಾಕು ಎಂದರು ಮುಖ್ಯೋಪಾಧ್ಯಾಯಿನಿ. ನಾನು ನಾಲ್ಕು ಪುಟ ಬರೆದೆ. ಅದನ್ನು ಓದಿ ಅವರು ಕನ್ನಡಕ ತೆಗೆದಿಟ್ಟರು. “ಹೀಗೇ ಕಳಿಸಿದ್ರೆ ಮೊದಲು ನಿಮ್ಮ ಮೇಲೇ ಬರತ್ತೆ, ಗೊತ್ತಲ್ಲ?” ಗೊತ್ತು ಎಂದೆ. ಮೂರು ವಾರಕ್ಕೆ ಮೆಮೊ ಬಂತು, ಕರ್ತವ್ಯದಲ್ಲಿ ನಿರ್ಲಕ್ಷ್ಯ ಎಂದು. ಅದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಯಾರೂ ಸೀನಲಿಲ್ಲ, ನಿಜ. ಆದರೆ ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ ಕೂಡ. ಕಾರಿಡಾರಿನಲ್ಲಿ ಅವಳು ಬಂದರೆ ಹುಡುಗಿಯರೂ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಮೊದಲು ಅಸಹ್ಯ ಪಟ್ಟವರು ಈಗ ಹೆದರುತ್ತಿದ್ದರು, ಅಷ್ಟೇ ವ್ಯತ್ಯಾಸ. ನಾನು ಬೆಂಚುಗಳನ್ನು ಬದಲಾಯಿಸಿ ಜೊತೆಗಾರರನ್ನು ಕೂರಿಸಿದೆ. ಅವರು ಬೆಂಚಿನ ತುದಿಗೆ ಸರಿದು ಕೂರುತ್ತಿದ್ದರು. ಶಾಲೆಯವರು ಶನಿವಾರಗಳಂದು ಹೆಣ್ಣುಮಕ್ಕಳಿಗೆ ಕರಾಟೆ ಶುರುಮಾಡಿದರು. ನೀನು ಸೇರ್ತೀಯಾ ಎಂದು ಅವಳನ್ನು ಕೇಳಿದೆ.

“ಬೇಡ ಮಿಸ್. ನಂಗೆ ಹೊಡೆಯೋದು ಇಷ್ಟ ಇಲ್ಲ.”

ಮಾರ್ಚ್ ಪರೀಕ್ಷೆ ಮುಗಿದ ಮೇಲೆ ಅವಳ ಅಪ್ಪ ತಾವಾಗಿಯೇ ಬಂದು ಟಿ.ಸಿ. ಕೇಳಿದರು. “ಮನ್ಸು ಹತ್ತುತಿಲ್ಲ ಅಂತಾಳೆ ಮೇಡಂ” ಎಂದರು. ನಾನು ಅವಳನ್ನು ನೋಡಬೇಕೆಂದುಕೊಂಡೆ, ಅವಳು ಬಂದಿರಲಿಲ್ಲ. ಆ ಹುಡುಗ ಹತ್ತನೇ ತರಗತಿಯ ತನಕ ನಮ್ಮಲ್ಲೇ ಓದಿದ. ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡ. ಭಾಷಣ ಸ್ಪರ್ಧೆಗೆ ಮತ್ತೆ ಹೆಸರು ಕೊಡಲಿಲ್ಲ. ನಾನು ಕರೆದರೂ ಒಲ್ಲೆ ಎಂದ.

ಆ ಘಟನೆಯ ನಂತರ ನಾನು ತರಗತಿಯಲ್ಲಿ ‘ನಾನಿದ್ದೀನಿ’ ಎಂದು ಸುಲಭಕ್ಕೆ ಹೇಳುವುದಿಲ್ಲ. ಯಾವುದಾದರೂ ಮಗು ದೂರು ತಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಅವತ್ತೇ ಹೋಗುತ್ತೇನೆ. ಬಹಳ ಸಲ ಅದು ರಬ್ಬರಿನ ಜಗಳವೋ ಜಾಗದ ಜಗಳವೋ ಆಗಿರುತ್ತದೆ. ಸಹೋದ್ಯೋಗಿಗಳು ನಗುತ್ತಾರೆ. ತಿರುಗಿ ಹೊಡೆಯಬಹುದೇ ಎಂದು ಮಕ್ಕಳು ಕೇಳಿದರೆ, ಬಿಡಿಸಿಕೊಳ್ಳುವಷ್ಟು ಎನ್ನುತ್ತೇನೆ. ಎಷ್ಟು ಎಂದರೆ ಎಷ್ಟು ಎಂದು ಅವರು ಕೇಳುತ್ತಾರೆ. ಕೈಗೆ ಅದು ಆ ಹೊತ್ತಿನಲ್ಲಿ ಹೇಗೆ ಗೊತ್ತಾಗುತ್ತದೆ ಎಂಬುದು ನನಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳುತ್ತೇನೆ.

ಈ ವರ್ಷ ಜೂನ್‌ನಲ್ಲಿ ಅವಳು ಸಿಕ್ಕಳು. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ಅಂಗಡಿಯ ಮುಂದೆ ಅಕೌಂಟೆನ್ಸಿ ಪುಸ್ತಕ ಹುಡುಕುತ್ತಿದ್ದಳು. ಎತ್ತರವಾಗಿದ್ದಳು. ಅವಳೇ ಗುರುತು ಹಿಡಿದು “ಮಿಸ್” ಎಂದಳು. ಪಿ.ಯು. ಕಾಮರ್ಸ್ ಓದುತ್ತಿದ್ದಾಳಂತೆ. ಅಪ್ಪ ಅದೇ ಮಂಡಿಯಲ್ಲಿದ್ದಾರಂತೆ, ಮನೆ ಮಾತ್ರ ಬದಲಾಯಿಸಿದ್ದಾರಂತೆ. ಕಾಲೇಜಿನಲ್ಲಿ ಇಬ್ಬರು ಗೆಳತಿಯರಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದಳು. ಗಾಡಿಗಳ ಹಾರ್ನು, ಮೂಟೆ ಹೊತ್ತವರ ಕೂಗು. ನಡುವೆ ನಿಂತು ಮಾತಾಡುವುದೇ ಕಷ್ಟವಾಗಿತ್ತು. ಆದರೂ ಆ ವರ್ಷವೇ ಹೇಳಬೇಕಾಗಿದ್ದನ್ನು ನಾನು ಹೇಳಿಬಿಟ್ಟೆ.

“ನೀನು ಮೊದಲ ಸಲ ಬಂದು ಹೇಳಿದಾಗ್ಲೇ ನಾನು ಕೇಳ್ಬೇಕಿತ್ತಮ್ಮ.”

ಪರವಾಗಿಲ್ಲ ಮಿಸ್, ಬಿಡಿ ಮಿಸ್ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೌದು ಮಿಸ್. ಕೇಳ್ಬೇಕಿತ್ತು” ಎಂದಳು.

ಆಮೇಲೆ ಇಬ್ಬರೂ ಸೇರಿ ಆ ಪುಸ್ತಕ ಹುಡುಕಿದೆವು. ಹಳೆಯ ಪ್ರತಿ ಸಿಗಲಿಲ್ಲ. ಇನ್ನೊಂದು ಅಂಗಡಿ ಕೇಳಿ ನೋಡೋಣ ಎಂದು ಅವಳೇ ಮುಂದೆ ನಡೆದಳು.